ತಾನೇ ಹೊತ್ತಿದ ಕೆಂಪು ದೀಪ

"ನಿಮ್ಮ ರೇಡಿಯೋದೋರು ಯಾರ್ಗೂ ಏನೂ ಕೇಳಿಸ್ಲಿಲ್ವಾ ಅವತ್ತು?"

ಚಿಕ್ಕಮಾದಮ್ಮ ಕೇಳಿದ್ದು ಇಷ್ಟೇ. ಕೇಳಿದವಳು ಕಾಫಿಯನ್ನು ಕುಡಿಯದೆ ಲೋಟವನ್ನು ಕುರ್ಚಿಯ ಕಾಲಿನ ಪಕ್ಕಕ್ಕೆ ಸರಿಸಿ, ರೂಪಶ್ರೀಯ ಮುಖವನ್ನೇ ನೋಡುತ್ತಾ ಕುಳಿತಳು.

ರೂಪಶ್ರೀ ಕಣ್ಣು ತಪ್ಪಿಸಿದಳು. ತಪ್ಪಿಸಿದ ಕಣ್ಣು ಹೋಗಿ ನಿಂತದ್ದು ಕಿಟಕಿಯ ಕೆಳಗಿನ ಮೇಜಿನ ಮೇಲೆ. ಅಲ್ಲಿ ಅವಳ ಹ್ಯಾಮ್ ರೇಡಿಯೋ ಸೆಟ್ಟಿತ್ತು, ಹವ್ಯಾಸಕ್ಕಾಗಿ ಲೈಸೆನ್ಸ್ ಪಡೆದವರು ಊರೂರಿನಿಂದ ಮಾತಾಡಿಕೊಳ್ಳುವಂಥದು. ಪಕ್ಕದಲ್ಲಿ ಕಂಪ್ಯೂಟರು. ಎರಡರ ನಡುವೆ ಒಂದು ಕಪ್ಪು ಕೇಬಲ್ಲು. ಇಷ್ಟು ದಿನ ಯಾರು ಮನೆಗೆ ಬಂದರೂ ಮೊದಲು ಆ ಮೇಜನ್ನು ತೋರಿಸುತ್ತಿದ್ದಳು. ಈಗ ಅದರ ಮೇಲೊಂದು ಹೊದಿಕೆ ಹಾಕಿಬಿಡಬೇಕು ಅನ್ನಿಸುತ್ತಿತ್ತು.

"ಕೇಳಿಸಿದ್ರೆ ಪೊಲೀಸರಿಗೆ ಹೇಳ್ತಿರಲಿಲ್ವಾ?" ಎಂದಳು. ತನ್ನ ಧ್ವನಿ ತನಗೇ ಪರಕೀಯವಾಗಿ ಕೇಳಿತು.

ಕಳೆದ ವಾರ, ಎಲ್ಲರೂ ತಾತ ಎಂದು ಕರೆಯುವ ರಾವಂದೂರಿನ ಸಿದ್ದಮಲ್ಲಪ್ಪ ತನ್ನ ರೇಡಿಯೋ ಕೋಣೆಯಲ್ಲಿ ತಲೆ ಒಡೆದು ಬಿದ್ದಿದ್ದ. ಮೈಸೂರಿನ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ನಿನ್ನೆ ಸಂಜೆ ಪೊಲೀಸರು ಹಿಡಿದದ್ದು ಅವನ ಮನೆಯ ಆಂಟೆನಾ ತಂತಿ ಕಟ್ಟಿಕೊಡುತ್ತಿದ್ದ ಮಾದೇವನನ್ನು. ಈಗ ಎದುರಿಗೆ ಕೂತಿದ್ದವಳು ಆ ಮಾದೇವನ ಅಕ್ಕ.

"ಅವ ಅವತ್ತು ಮುಂಜಾನೆ ಓಗಿದ್ದು ದಿಟ ಕಣವ್ವ," ಎಂದಳು ಚಿಕ್ಕಮಾದಮ್ಮ. "ಅಲಸಿನ ಮರಕ್ಕೆ ಕಟ್ಟಿದ್ದ ತಂತಿ ಜೋಲು ಬಿದ್ದಿತ್ತು, ಬಂದು ಎಳ್ದು ಕಟ್ಲಾ ಅಂತ ಆ ತಾತನೇ ಕರ್ಸಿದ್ದು. ತಾತ ಅವನ್ನ ಬೈದಿದ್ದೂ ದಿಟ. ಅಕ್ಕಪಕ್ಕದೋರು ಕೇಳವ್ರೆ. ಆದ್ರೆ ಆ ತಾತ ಯಾರ್ನ ಬೈಯಲ್ಲ ಏಳಿ? ನನ್ನ ಕೋಳೀನೂ ಬೈತಿದ್ದ. ಅಂಗಂತ ಕೋಳಿ ಓಗಿ ತಲೆಗೆ ಒಡೀತಾ?"

ರೂಪಶ್ರೀಗೆ ನಗು ಬರಲಿಲ್ಲ. ಚಿಕ್ಕಮಾದಮ್ಮನೂ ನಗಿಸಲೆಂದು ಹೇಳಿರಲಿಲ್ಲ.

"ತಂತಿ ಕಟ್ಟಿದೋನು ಸೀದಾ ಪಿರಿಯಾಪಟ್ಣಕ್ಕೆ ಒಗೆಸೊಪ್ಪಿನ ಅರಾಜಿಗೆ ಓದ. ಅಲ್ಲಿ ಅವನ್ನ ನೋಡ್ದೋರು ಊರ್ ಮಂದಿ ಅವ್ರೆ. ಇನ್ಸ್‌ಪೆಕ್ಟ್ರಮ್ಮ ಅದ್ನ ಒಪ್ತಾರೆ. ಒಪ್ಪಿ ಏನಂತಾರೆ, ಅರಾಜಿಗೆ ಓಗಕ್ ಮುಂಚೇನೇ ಒಡ್ದು ಓಗವ್ನೆ ಅಂತಾರೆ. ಯಾಕಂದ್ರೆ ತಾತ ಅವತ್ತು ರೇಡಿಯೋಗೆ ಬರ್ಲೇ ಇಲ್ವಂತೆ. ಜರ ಬಂದ್ರೂ ತಪ್ಪಿಸ್ದೇ ಇರೋನು ಅವತ್ತು ಬರ್ಲಿಲ್ಲ ಅಂದ್ರೆ, ಅಷ್ಟೊತ್ಗೇ ಬಿದ್ದೋಗಿದ್ದ ಅಂತ ಲೆಕ್ಕ. ಇದ್ನ ಏಳ್ದೋರು ಯಾರವ್ವ ಅಂದ್ರೆ, ಉಣಸೂರಿನ ಟೀಚರಮ್ಮ ಅಂದ್ರು."

"ಹೌದು. ನಾನೇ ಹೇಳಿದ್ದು."

"ಬೈಯಕ್ಕೆ ಬಂದಿಲ್ಲ ನಾನು. ಮಧ್ಯಾಹ್ನ ಕೋರ್ಟ್ಗೆ ಕರ್ಕಂಡೋಯ್ತಾರಂತೆ. ಅಲ್ಲಿಂದ ಜೈಲ್ಗೆ. ಇನ್ನೊಂದ್ಸಲ ಗ್ಯಾಪ್ಕ ಮಾಡ್ಕಳಿ ಅಂತ ಕೇಳಕ್ಕೆ ಬಂದೆ. ತಾತ ಒಂದ್ ಸಲ ಕೆಮ್ಮಿದ್ದು ಕೇಳಿದ್ರೂ ಸಾಕಿತ್ತು."

ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವಳು ರೂಪಶ್ರೀ. ಒಂದು ಪದ ಆಚೀಚೆ ಆದರೂ ನಿಲ್ಲಿಸಿ ತಿದ್ದುವವಳು. ಸಬ್ ಇನ್ಸ್‌ಪೆಕ್ಟರ್ ಪವಿತ್ರ ಕೇಳಿದಾಗ ಅವಳು ಆಡಿದ್ದ ಮಾತನ್ನೂ ಹಾಗೆಯೇ ಅಳೆದು ಆಡಿದ್ದಳು. "ತಾತ ಅವತ್ತು ಬೆಳಗಿನ ರೇಡಿಯೋ ನೆಟ್‌ನಲ್ಲಿ ಹಾಜರಿ ಹೇಳಲಿಲ್ಲ." ಅದು ಸುಳ್ಳಲ್ಲ. ಸುಳ್ಳಲ್ಲದ ಆ ಮಾತನ್ನು ಹುಡುಕಿ ಆರಿಸಿಕೊಂಡದ್ದು ತಾನೇ ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಫೋನ್ ಬಡಿದುಕೊಂಡಿತು. ಶಿವಶಂಕರ್.

ಪ್ರತಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಈ ನಾಲ್ಕು ತಾಲ್ಲೂಕಿನ ಹ್ಯಾಮ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುತ್ತಿದ್ದರು. ಅದಕ್ಕೆ ನೆಟ್ ಎನ್ನುತ್ತಿದ್ದರು. ರೂಪಶ್ರೀ ಹುಣಸೂರಿನಿಂದ ಒಬ್ಬೊಬ್ಬರನ್ನೇ ಕರೆಯುವಳು. ಪಿರಿಯಾಪಟ್ಟಣದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಲಿಂಗಣ್ಣ, ಎಚ್.ಡಿ. ಕೋಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ ರಘು, ಕೆ.ಆರ್. ನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನು ಮಾರುವ ಈ ಶಿವಶಂಕರ್, ಕೊನೆಗೆ ರಾವಂದೂರಿನ ತಾತ. ಶಿವಶಂಕರ್ ಈ ಹ್ಯಾಮ್‌ಗಳ ಸಂಘದ ಕಾರ್ಯದರ್ಶಿ ಕೂಡ. ಎಲ್ಲರಿಗಿಂತ ಮೃದುವಾಗಿ ಮಾತಾಡುವವನು.

"ಮೇಡಂ, ಕಾಲೇಜಿಗೆ ಹೋಗ್ಲಿಲ್ವಾ ಇವತ್ತು?" ಫೋನಿನ ಧ್ವನಿ ಚಿಕ್ಕಮಾದಮ್ಮನಿಗೂ ಕೇಳುವಂತಿತ್ತು.

"ರಜೆ ಹಾಕಿದೆ. ತಲೆನೋವು."

"ಮಾದೇವನ್ನ ಹಿಡಿದ್ರಂತಲ್ಲ. ಪಾಪ ಅನ್ಸುತ್ತೆ, ಆದ್ರೆ ಏನ್ಮಾಡೋದು." ಅವನ ಹಿಂದೆ ಕಬ್ಬಿನ ಹಾಲು ತೆಗೆಯುವ ಗಾಣದ ಗೆಜ್ಜೆ ಘಲ್ ಘಲ್ ಎನ್ನುತ್ತಿತ್ತು. "ಒಂದ್ ಮಾತು ಮೇಡಂ, ತಪ್ಪು ತಿಳ್ಕೋಬೇಡಿ. ಅವತ್ತಿನ ನೆಟ್ ರೆಕಾರ್ಡಿಂಗ್ ನಿಮ್ಮ ಕಂಪ್ಯೂಟರಲ್ಲಿ ಇದ್ರೆ ತೆಗೆದ್ಬಿಡಿ. ನಾಳೆ ಯಾರಾದ್ರೂ ಅದನ್ನ ಕೇಳಿದ್ರೆ, ತಾತನ ಮನೇಲಿ ಆ ಕೇಬಲ್ ಹಾಕಿದ್ದು ಯಾರು, ಸರಿಯಾಗಿ ಯಾಕ್ ಹಾಕ್ಲಿಲ್ಲ, ಅಂತೆಲ್ಲ ಬರುತ್ತೆ. ನಿಮ್ಮ ಲೈಸೆನ್ಸು, ನಿಮ್ಮ ಕಾಲೇಜು. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಎಲ್ಲಿದ್ದೀರಿ ನೀವು?" ಎಂದಳು, ಬೇರೇನೂ ತೋಚದೆ.

"ಎಲ್ಲಿರ್ತೀನಿ ಮೇಡಂ, ಅಂಗಡೀಲೇ. ಕೆ.ಆರ್. ನಗರ. ಯಾರಾದ್ರೂ ಬಂದಿದಾರಾ ಮನೆಗೆ?"

"ಇಲ್ಲ," ಎಂದುಬಿಟ್ಟಳು ರೂಪಶ್ರೀ.

ಫೋನ್ ಇಟ್ಟಾಗ ಚಿಕ್ಕಮಾದಮ್ಮ ಅವಳನ್ನು ನೋಡುತ್ತಿದ್ದಳು. ಎದುರಿಗೇ ಕೂತವಳನ್ನು ಇಲ್ಲ ಎಂದದ್ದಕ್ಕೆ ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಅದನ್ನೇ ರೂಪಶ್ರೀಗೆ ತಾಳಲಾಗಲಿಲ್ಲ.

"ಕೇಳಿಸಿತ್ತು," ಎಂದಳು.

"ಏನು?"

"ಅವತ್ತು. ನನಗೆ ಕೇಳಿಸಿತ್ತು. ಎಲ್ಲರಿಗೂ ಕೇಳಿಸಿತ್ತು."

ಹೇಳಬೇಕಾದ್ದನ್ನು ಎಲ್ಲಿಂದ ಶುರುಮಾಡುವುದು ಎಂದು ಅವಳು ಸ್ವಲ್ಪ ಹೊತ್ತು ತಡಕಾಡಿದಳು. ಕೊನೆಗೆ ಎದ್ದು ಹೋಗಿ ಆ ಕಪ್ಪು ಕೇಬಲ್ಲನ್ನೇ ಕೈಯಲ್ಲಿ ಹಿಡಿದು ತೋರಿಸಿದಳು.

ತಾತನ ಕೈ ನಡುಗುತ್ತಿತ್ತು. ಸೆಟ್ಟಿನ ಸಣ್ಣ ಗುಂಡಿಯನ್ನು ತಿರುಗಿಸಿ ಸ್ಟೇಷನ್ ಹಿಡಿಯುವುದು ಅವನಿಂದ ಆಗುತ್ತಿರಲಿಲ್ಲ. ಮೈಕನ್ನು ಹಿಡಿದು ಒತ್ತಿಕೊಂಡಿರುವುದಂತೂ ಇನ್ನೂ ಕಷ್ಟ. ಅದಕ್ಕೇ ರೂಪಶ್ರೀ ತನ್ನ ಮನೆಯಲ್ಲಿದ್ದಂಥದೇ ಏರ್ಪಾಟನ್ನು ಅವನಿಗೂ ಮಾಡಿಕೊಟ್ಟಳು. ಮೇಜಿನ ಮೇಲೆ ನಿಲ್ಲುವ ಮೈಕು, ಒಂದು ಹಳೆಯ ಕಂಪ್ಯೂಟರು, ಕಂಪ್ಯೂಟರಿನಿಂದ ಸೆಟ್ಟಿಗೆ ಒಂದು ಸೀರಿಯಲ್ ಕೇಬಲ್ಲು. ಆ ಕೇಬಲ್ಲಿನಲ್ಲಿ ಕಂಪ್ಯೂಟರು ಸೆಟ್ಟಿಗೆ ಒಂದಾದ ಮೇಲೊಂದು ಅಪ್ಪಣೆ ಕಳಿಸುತ್ತದೆ. ಆ ಫ್ರೀಕ್ವೆನ್ಸಿಗೆ ಹೋಗು ಎಂದರೆ ಸೆಟ್ಟು ಹೋಗುತ್ತದೆ. ಮಾತಾಡು ಎನ್ನುವುದಕ್ಕೆ ಮಾತ್ರ ಅದರೊಳಗೆ ಬೇರೆಯೇ ಒಂದು ತಂತಿ. ಅದರಲ್ಲಿ ವಿದ್ಯುತ್ತು ಹರಿದರೆ ಸೆಟ್ಟಿನ ಕೆಂಪು ದೀಪ ಹೊತ್ತಿಕೊಂಡು ಮೈಕು ತೆರೆದುಕೊಳ್ಳುತ್ತದೆ. ಕೋಣೆಯ ಮಾತೆಲ್ಲ ಆನ್ ಏರ್.

ಸಂಘದವರು ಆ ಕೆಲಸಕ್ಕೆ ಅವಳಿಗೆ ಶಾಲು ಹೊದೆಸಿದರು. ಶಿವಶಂಕರ್ ಅದೇ ವಾರ ಎಲ್ಲರ ಮನೆಗೂ ಹೋಗಿ, ಏನಾದರೂ ಕೆಟ್ಟರೆ ದೂರದಿಂದಲೇ ಸರಿಮಾಡಿಕೊಡಲು ಬೇಕೆಂದು ಎಲ್ಲರ ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡು ಹಾಕಿಕೊಟ್ಟ.

ಆದರೆ ತಾತನ ಕೇಬಲ್ಲಿನಲ್ಲಿ ಒಂದು ದೋಷ ಉಳಿದಿತ್ತು. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದರೆ, ಅದು ಪೂರ್ತಿ ಏಳುವ ತನಕ ಆ ಮಾತಾಡುವ ತಂತಿಗೆ ಸುಮ್ಮಸುಮ್ಮನೆ ವಿದ್ಯುತ್ತು ಹರಿಸಿಬಿಡುತ್ತಿತ್ತು. ಯಾರೂ ಒತ್ತದೆ ಸೆಟ್ಟು ಮಾತಾಡತೊಡಗುತ್ತಿತ್ತು. ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ದೋಷ ಅದು. ಒಂದು ಗಂಟೆ ಕೂತರೆ ಸರಿಹೋಗುವಂಥದು.

"ಮುಂದಿನ ವಾರ ಬಂದು ಸರಿಮಾಡ್ತೀನಿ ಅಂದಿದ್ದೆ," ಎಂದಳು ರೂಪಶ್ರೀ. "ಅಲ್ಲಿ ತನಕ ನೆಟ್ ಹೊತ್ತಿನಲ್ಲಿ ಕಂಪ್ಯೂಟರ್ ಆರಿಸಿ ಹಾಕಬೇಡಿ ತಾತ, ನಿಮ್ಮ ಮನೆ ಮಾತೆಲ್ಲ ಊರಿಗೆ ಕೇಳುತ್ತೆ ಅಂದೆ. ಹೋಗಲಿಲ್ಲ. ಪರೀಕ್ಷೆ ಬಂತು, ಪೇಪರ್ ತಿದ್ದೋದು ಬಂತು."

"ಅವತ್ತು ಏನಾಯ್ತು, ಅದ ಏಳಿ."

"ಅವತ್ತು ನೆಟ್ ಶುರುವಾದ ಮೇಲೆ ನಡುವೆ ಒಂದು ಫ್ಯಾನಿನ ಸದ್ದು ಬಂತು. ತಾತನ ಕೋಣೆಯ ಫ್ಯಾನು, ಸುತ್ತಿಗೊಂದು ಸಲ ಟಕ್ ಅನ್ನುತ್ತೆ, ನಮಗೆಲ್ಲ ಗೊತ್ತು. ಏನೋ ಮಾತೂ ಇತ್ತು, ದೂರದಲ್ಲಿ. ನಾನು ಗಮನ ಕೊಡಲಿಲ್ಲ." ಅವಳು ನಿಲ್ಲಿಸಿದಳು. ಕೇಬಲ್ಲನ್ನು ಮೇಜಿನ ಮೇಲಿಟ್ಟಳು. "ತಾತನ ಕಂಪ್ಯೂಟರ್ ಮತ್ತೆ ನಿದ್ದೆಯಿಂದ ಏಳ್ತಿದೆ, ನಾವು ಪಕ್ಕಕ್ಕೆ ಹೋಗಿ ಮಾತಾಡೋಣ ಅಂದೆ. ಎಲ್ಲರನ್ನೂ ಬೇರೆ ಫ್ರೀಕ್ವೆನ್ಸಿಗೆ ಕರ್ಕೊಂಡು ಹೋದೆ."

ಚಿಕ್ಕಮಾದಮ್ಮ ಕೇಳಿದ್ದನ್ನು ನಿಧಾನವಾಗಿ ಒಳಗೆ ಇಳಿಸಿಕೊಂಡಳು.

"ನಕ್ಕೊಂಡು ಏಳುದ್ರಾ?"

"ಹೌದು."

"ಎಲ್ಲಾರೂ ನಕ್ರಾ?"

"ಹೌದು."

"ಅಂದ್ರೆ ಅಷ್ಟೊತ್ತಲ್ಲಿ ತಾತ ಎದ್ದು ಕುಂತು ಕಂಪ್ಯೂಟ್ರು ಆರಿಸಿ ಆಕವ್ನೆ. ನಮ್ಮ ಮಾದೇವ ಅರಾಜಲ್ಲಿ ನಿಂತಿದ್ದ ಒತ್ತದು."

"ಹೌದು."

"ಇದ್ನ ಒಂದ್ ವಾರದಿಂದ ಮಡಿಕ್ಕಂಡಿದ್ರಿ ನೀವು." ಚಿಕ್ಕಮಾದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಲ್ಲ ಕಣವ್ವ, ಓದ್ದೋರು ನೀವು. ಯಾಕೆ?"

ನಾಚಿಕೆ ಅಷ್ಟೇ. ಆಸ್ಪತ್ರೆಯಲ್ಲಿ ಮಲಗಿದ ಮುದುಕನನ್ನು ಊರಿಗೆ ಕೇಳುವಂತೆ ಹಾಸ್ಯ ಮಾಡಿದ್ದೆ ಎಂದು ಹೇಳಲಾರದ ನಾಚಿಕೆ. ಲಿಂಗಣ್ಣನೂ ರಘುವೂ ಬಾಯಿ ಬಿಟ್ಟಿರಲಿಲ್ಲ. ಅವರೂ ನಕ್ಕವರೇ.

"ನನಗೆ ಧೈರ್ಯ ಸಾಲಲಿಲ್ಲ," ಎಂದಳು. "ಅವತ್ತಿನದೆಲ್ಲ ರೆಕಾರ್ಡ್ ಆಗಿದೆ. ಸೆಟ್ಟಿನ ಜೊತೆಗೆ ಇನ್ನೊಂದು ಚಿಕ್ಕ ರಿಸೀವರ್ ಇದೆ, ಅದು ಅಕ್ಕಪಕ್ಕದ ಫ್ರೀಕ್ವೆನ್ಸಿಗಳನ್ನೆಲ್ಲ ಹಿಡಿದಿಡುತ್ತೆ. ನಾವು ಪಕ್ಕಕ್ಕೆ ಹೋದ ಮೇಲೂ ಆ ಕೋಣೆಯಲ್ಲಿ ಏನಾಯ್ತೋ ಅದು ಇದರಲ್ಲಿದೆ. ನಾನು ಇನ್ನೂ ಕೇಳಿಲ್ಲ."

"ಆಕಿ," ಎಂದಳು ಚಿಕ್ಕಮಾದಮ್ಮ. ಕುರ್ಚಿಯನ್ನು ಎಳೆದು ಮೇಜಿನ ಹತ್ತಿರ ತಂದಳು.

ಮೊದಲು ಬಂದದ್ದು ಫ್ಯಾನು. ಟಕ್. ಟಕ್. ಆಮೇಲೆ ಕಂಪ್ಯೂಟರ್ ಏಳುವಾಗಿನ ಆ ಸಣ್ಣ ರಾಗ.

ಅದರ ಮೇಲೆ ಸಿದ್ದಮಲ್ಲಪ್ಪನ ಧ್ವನಿ, ಕೋಣೆಗೆ ಬೇಕಾದ್ದಕ್ಕಿಂತ ಗಟ್ಟಿಯಾಗಿ. "ಕುಂತ್ಕಳಪ್ಪ. ಈ ಕಂಪ್ಯೂಟ್ರು ಏಳಕ್ಕೆ ಒತ್ತು ಇಡೀತದೆ. ಅಲ್ಲೀಗಂಟ ಮಾತಾಡಾನ."

ಇನ್ನೊಬ್ಬ ಏನೋ ಗೊಣಗಿದ. ಮೈಕಿನಿಂದ ದೂರವಿದ್ದ. ಮಾತು ಸ್ಪಷ್ಟವಾಗಲಿಲ್ಲ.

"ನೀನು ಕದ್ದು ಕಾಡಿಗೆ ಓಗದ್ನ ನಾನು ಯಾರ್ಗೂ ಏಳಿಲ್ಲ. ಆದ್ರೆ ನೀನು ಈಗ ರಾವಂದೂರಲ್ಲಿದ್ದೀಯ. ರಾವಂದೂರಲ್ಲಿ. ನನ್ನ ಎದುರ್ಗೆ ನಿಂತಿದ್ದೀಯ. ನಿನ್ನ ಸೆಟ್ಟು ಅಲ್ಲಿ ನಿಮ್ಮೂರಲ್ಲಿ ಮಾತಾಡ್ತದೆ. ಬೇಗೂರಿಗೆ ಓದಾಗ್ಲೂ ಇಂಗೇ ಮಾಡ್ತಿದ್ದೆ. ಬೇಗೂರಿಗೆ."

ರೂಪಶ್ರೀ ರೆಕಾರ್ಡಿಂಗನ್ನು ಹಿಂದಕ್ಕೆಳೆದು ಮತ್ತೆ ಕೇಳಿದಳು. ರಾವಂದೂರಲ್ಲಿ. ರಾವಂದೂರಲ್ಲಿ. ಬೇಗೂರಿಗೆ. ಬೇಗೂರಿಗೆ.

"ಯಾಕೆ ನಿಲ್ಸುದ್ರಿ?"

"ತಾತ ಹೀಗೆ ಮಾತಾಡೋದು ರೇಡಿಯೋದಲ್ಲಿ ಮಾತ್ರ," ಎಂದಳು ರೂಪಶ್ರೀ. "ಸಿಗ್ನಲ್ ಸರಿ ಇಲ್ಲದಾಗ ಊರಿನ ಹೆಸರನ್ನ ಬಿಡಿಸಿ ಎರಡೆರಡು ಸಲ ಹೇಳ್ತೀವಿ, ಆ ಕಡೆಯವರಿಗೆ ತಲುಪಲಿ ಅಂತ. ತನ್ನ ಮನೆಯೊಳಗೆ ನಿಂತವನಿಗೆ ಇದು ರಾವಂದೂರು ಅಂತ ಯಾರಾದ್ರೂ ಎರಡು ಸಲ ಹೇಳ್ತಾರಾ?"

ಚಿಕ್ಕಮಾದಮ್ಮ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದಳು.

"ಕಂಪ್ಯೂಟರ್ ಕೆಟ್ಟು ಆರಿದ್ದಲ್ಲ. ತಾತನೇ ಆರಿಸಿ ಹಾಕಿದ್ದಾನೆ, ಬೇಕೂಂತ. ಆರಿಸಿ ಹಾಕಿದರೆ ತಾನು ಆನ್ ಏರ್ ಹೋಗ್ತೀನಿ ಅಂತ ಅವನಿಗೆ ಗೊತ್ತಿತ್ತು. ನಾನೇ ಹೇಳಿದ್ದೆ." ಉಳಿದದ್ದನ್ನು ಮನಸ್ಸಿನಲ್ಲೇ ಮುಗಿಸಿಕೊಂಡಳು. ಅವನು ನಮ್ಮನ್ನು ಕರೆಯುತ್ತಿದ್ದ. ಅವಳು ಮಾಡದೆ ಬಿಟ್ಟ ಕೆಲಸವನ್ನೇ ಅವನು ಹಗ್ಗ ಮಾಡಿಕೊಂಡು ಹಿಡಿದಿದ್ದ. ಅದರ ಈಚೆಯ ತುದಿಯಲ್ಲಿ ಅವಳು ನಗುತ್ತಾ ನಿಂತಿದ್ದಳು.

ಹದಿನೈದು ದಿನದ ಹಿಂದೆ ತಾತ ಫೋನಿನಲ್ಲಿ ಹೇಳಿದ್ದು ಈಗ ನೆನಪಾಯಿತು. ನಮ್ಮ ನೆಟ್‌ನಲ್ಲಿ ಒಬ್ಬ ಇರೋದೊಂದು ಕಡೆ, ಏಳೋದೊಂದು ಕಡೆ ಕಣವ್ವ. ಅವನ ಮಾತಿನ ಹಿಂದೆ ಕಾಡುಕೋಳಿ ಕೂಗಿದ್ದ ಕೇಳ್ದೆ. ಪೇಟೆ ನಡುವೆ ಕಾಡುಕೋಳಿ ಎಲ್ಲಿಂದ ಬಂತು? ಯಾರು ಎಂದು ಕೇಳುವಷ್ಟರಲ್ಲಿ ಅವಳಿಗೆ ಕ್ಲಾಸಿನ ಹೊತ್ತಾಗಿತ್ತು. ತಾತನ ಕಿವಿಗೂ ವಯಸ್ಸಾಯಿತು ಅಂದುಕೊಂಡು ಬಿಟ್ಟಿದ್ದಳು. ಬೇಗೂರು ಕಾಡಿನಂಚಿನ ಊರು ಎಂಬುದು ಈಗ ಹೊಳೆಯಿತು.

ರೆಕಾರ್ಡಿಂಗ್ ಮುಂದುವರಿಯಿತು. ಈಗ ಬರುವುದು ಏನೆಂದು ಗೊತ್ತಿದ್ದರೂ ಕಿವಿ ಮುಚ್ಚಿಕೊಳ್ಳುವಂತಿರಲಿಲ್ಲ.

"ತಾತನ ಕಂಪ್ಯೂಟರ್ ಮತ್ತೆ ನಿದ್ದೆಯಿಂದ ಏಳ್ತಿದೆ." ಅವಳ ಧ್ವನಿ, ತೆಳುವಾದ ನಗು. "ನಾವು ಪಕ್ಕಕ್ಕೆ ಹೋಗಿ ಮಾತಾಡೋಣ. ಎಲ್ಲರೂ ಬನ್ನಿ."

ಒಂದು ಉಸಿರಿನಷ್ಟು ಹೊತ್ತು ಫ್ಯಾನಿನ ಸದ್ದು. ಆಮೇಲೆ ಆ ಕೋಣೆಯೊಳಗಿನಿಂದ, ಸಣ್ಣಗೆ, ಮತ್ತೆ ಅವಳದೇ ಧ್ವನಿ. "ಎಲ್ಲರೂ ಬನ್ನಿ."

ರೂಪಶ್ರೀ ಬೆನ್ನು ನೇರ ಮಾಡಿಕೊಂಡಳು.

"ನಿಮ್ಮ ಮಾತು ಎರಡ್ ಸಲ ಬಂತಲ್ಲ," ಎಂದಳು ಚಿಕ್ಕಮಾದಮ್ಮ.

"ಬರಬಾರದಿತ್ತು. ತಾತನ ಸೆಟ್ಟು ಮಾತಾಡುವಾಗ ಕೇಳಿಸಿಕೊಳ್ಳೋದಿಲ್ಲ. ನನ್ನ ಧ್ವನಿ ಆ ಕೋಣೆಗೆ ಹೋಗೋಕೆ ದಾರೀನೇ ಇಲ್ಲ." ಅವಳು ಯೋಚಿಸುತ್ತಾ ಮಾತಾಡಿದಳು. "ಬಂದವನ ಹತ್ತಿರ ಫೋನ್ ಇತ್ತು. ಅವನ ಊರಿನಲ್ಲಿರೋ ಅವನ ಸೆಟ್ಟು, ಅದನ್ನು ನಡೆಸೋ ಕಂಪ್ಯೂಟರು, ಅದೆಲ್ಲ ಫೋನಿನಲ್ಲಿ. ಅಲ್ಲಿ ಸೆಟ್ಟಿಗೆ ಕೇಳಿದ್ದು ಇಲ್ಲಿ ಫೋನಿಗೆ ಬರುತ್ತೆ, ಸ್ವಲ್ಪ ತಡವಾಗಿ. ತಾನು ಮನೆಯಲ್ಲೇ ಇದ್ದೀನಿ ಅಂತ ತೋರಿಸೋಕೆ ಅವನು ನೆಟ್‌ಗೆ ಹಾಜರಿ ಹೇಳ್ತಾ ತಾತನ ಎದುರಿಗೆ ನಿಂತಿದ್ದ."

"ಅಂದ್ರೆ ನಿಮ್ಮೋರೇ ಒಬ್ರು."

ರೂಪಶ್ರೀ ತಲೆಯಾಡಿಸಿದಳು. ಅವಳು ಕರೆದದ್ದಕ್ಕೆ ಅವತ್ತು ಮೂವರು ಉತ್ತರ ಕೊಟ್ಟಿದ್ದರು.

"ಆಯ್ತು ತಾಯಿ. ಆ ಮುದುಕಂಗೆ ಯಾರಾದ್ರೂ ಒಂದ್ ಲೋಟ ಕಾಫಿ ಕೊಡ್ರಪ್ಪ." ಲಿಂಗಣ್ಣನ ನಗು. ಒಂದು ಉಸಿರು ಕಳೆದು ಅದೇ ನಗು ಕೋಣೆಯಲ್ಲಿ, ಸಣ್ಣಗೆ.

"ಸರಿ ಅಕ್ಕ." ರಘು. ಒಂದು ಉಸಿರು ಕಳೆದು ಕೋಣೆಯಲ್ಲಿ, "ಸರಿ ಅಕ್ಕ."

ಮೂರನೆಯದು ಬಂದಾಗ ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. ಮೊದಲು ಕೋಣೆಯಲ್ಲಿ ಒಂದು ಮಾತು, ಫೋನಿನ ತೂತಿನಿಂದಲ್ಲ, ಬಾಯಿಂದಲೇ. "ಬಂದೆ ಮೇಡಂ." ಅದಾಗಿ ಒಂದು ಉಸಿರಿನ ನಂತರ, ಕೆ.ಆರ್. ನಗರದ ಗಟ್ಟಿ ಸಿಗ್ನಲ್ಲಿನಲ್ಲಿ, ಅದೇ ಮೃದು ಧ್ವನಿ. "ಬಂದೆ ಮೇಡಂ."

ಉಳಿದವರದು ಮೊದಲು ರೇಡಿಯೋದಲ್ಲಿ, ಆಮೇಲೆ ಕೋಣೆಯಲ್ಲಿ. ಇದೊಂದು ಮಾತ್ರ ತಿರುವುಮುರುವು.

"ಈಗ ಫೋನ್ ಮಾಡಿದ್ನಲ್ಲ, ಅವನ ದನಿ ಅಲ್ವಾ ಇದು?" ಚಿಕ್ಕಮಾದಮ್ಮ ಪಿಸುಗುಟ್ಟಿದಳು.

ರೂಪಶ್ರೀ ಬಾಯ ಮೇಲೆ ಬೆರಳಿಟ್ಟಳು. ರೆಕಾರ್ಡಿಂಗ್ ಮುಗಿದಿರಲಿಲ್ಲ. ನೆಟ್‌ನವರೆಲ್ಲ ಪಕ್ಕಕ್ಕೆ ಹೋಗಿಯಾಗಿತ್ತು. ಆ ಫ್ರೀಕ್ವೆನ್ಸಿಯಲ್ಲಿ ಈಗ ತಾತನ ಕೋಣೆ ಒಂದೇ. ಫ್ಯಾನು ತಿರುಗುತ್ತಿತ್ತು. ಕುರ್ಚಿ ಸರಿದ ಸದ್ದು. ಆಮೇಲೆ ಶಿವಶಂಕರನ ಧ್ವನಿ, ಹತ್ತಿರದಿಂದ, ಸಿಟ್ಟಿಲ್ಲದೆ, ಏನೋ ವಿಚಾರಿಸುವವನ ಹಾಗೆ.

"ತಾತ, ಆ ಕೆಂಪು ದೀಪ ಯಾಕೆ ಉರೀತಿದೆ?"

ತಾತ ಉತ್ತರ ಕೊಡಲಿಲ್ಲ. ಏನೋ ಬಿದ್ದ ಸದ್ದು ಬಂತು. ಫ್ಯಾನು ಇನ್ನೆರಡು ಸಲ ಟಕ್ ಎಂದಿತು. ಆಮೇಲೆ ಎಲ್ಲ ನಿಂತುಹೋಯಿತು.

ಹೊರಗೆ ಬೀದಿಯಲ್ಲಿ ಯಾವುದೋ ಗಾಡಿ ಹೋಯಿತು. ಚಿಕ್ಕಮಾದಮ್ಮನ ಕೆನ್ನೆಯ ಮೇಲೆ ನೀರಿತ್ತು. ಅದು ತಮ್ಮನಿಗಾಗಿಯೋ ತಾತನಿಗಾಗಿಯೋ ಹೇಳುವಂತಿರಲಿಲ್ಲ.

"ನನ್ನ ಕೋಳೀನ ಬೈತಿದ್ದ ಕಣವ್ವ," ಎಂದಳು. "ಆಮೇಲೆ ಅದಕ್ಕೇ ಅಕ್ಕಿ ನುಚ್ಚು ಆಕ್ತಿದ್ದ." ಮೂಗು ಒರೆಸಿಕೊಂಡು ಫೋನನ್ನು ರೂಪಶ್ರೀಯ ಕೈಗಿಟ್ಟಳು. "ಮಾಡಿ. ನನ್ನ ಮುಂದೇನೇ ಮಾಡಿ."

ಸಬ್ ಇನ್ಸ್‌ಪೆಕ್ಟರ್ ಪವಿತ್ರ ಎರಡನೆಯ ರಿಂಗಿಗೇ ಎತ್ತಿಕೊಂಡಳು. ರೂಪಶ್ರೀ ಎಲ್ಲ ಹೇಳಿದಳು. ಸೀರಿಯಲ್ ಕೇಬಲ್ಲು, ತಾನು ಬಿಟ್ಟ ದೋಷ, ಆ ನಗು, ಆಮೇಲಿನ ಮೌನ. ಅಳೆದು ಆರಿಸಿದ ಮಾತಿಗೆ ಈ ಸಲ ಅವಳು ಹುಡುಕಲಿಲ್ಲ. ಶಿವಶಂಕರನ ಹೆಸರು ಹೇಳುವಾಗ ಧ್ವನಿ ತಾನಾಗಿ ಗಟ್ಟಿಯಾಯಿತು.

"ಅವತ್ತೇ ಹೇಳಿದ್ರೆ ಆ ಮನುಷ್ಯ ಲಾಕಪ್ ನೋಡ್ತಿರಲಿಲ್ಲ ಮೇಡಂ," ಎಂದಳು ಪವಿತ್ರ.

"ಹೌದು."

"ನಾನೂ ನಿಮ್ಮ ಮಾತು ನಂಬಿ ಹೋದೆ. ಲೆಕ್ಚರರು, ಯೋಚನೆ ಮಾಡಿ ಮಾತಾಡೋರು ಅಂತ."

ರೂಪಶ್ರೀ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ರೆಕಾರ್ಡಿಂಗ್ ಇನ್ನೆಲ್ಲಾದ್ರೂ ಇದೆಯಾ?"

"ಇಲ್ಲ. ಈ ಕಂಪ್ಯೂಟರಲ್ಲಿ ಒಂದೇ."

"ಅದಿಲ್ಲದೆ ಕೋರ್ಟಲ್ಲಿ ನಿಮ್ಮ ಮಾತು ನಿಲ್ಲಲ್ಲ. ಒಂದು ಸಲ ಬದಲಾಯಿಸಿದ ಮಾತು ಅದು. ಪೆನ್‌ಡ್ರೈವಿಗೆ ಹಾಕಿಡಿ. ಹುಣಸೂರಿಗೆ ಬರ್ತಾ ಇದ್ದೀನಿ. ಯಾರಿಗೂ ಬಾಗಿಲು ತೆಗೀಬೇಡಿ."

ಪೆನ್‌ಡ್ರೈವು ಕಾಲೇಜಿನ ಬ್ಯಾಗಿನಲ್ಲಿತ್ತು. ರೂಪಶ್ರೀ ಬ್ಯಾಗಿನೊಳಗೆ ಕೈಹಾಕಿ ತಡಕುತ್ತಿದ್ದಾಗ ಹಿಂದಿನಿಂದ ಚಿಕ್ಕಮಾದಮ್ಮ ಕರೆದಳು.

"ಟೀಚರವ್ವ. ಆ ದೀಪ ಆಗ್ಲೂ ಕೆಂಪಗಿತ್ತಾ?"

ಅವಳು ತಿರುಗಿ ನೋಡಿದಳು. ಸೆಟ್ಟಿನ ಮುಖದ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಮೇಜಿನ ಮೇಲೆ, ಇಬ್ಬರೂ ಇಷ್ಟು ಹೊತ್ತು ಯಾವುದರ ಮುಂದೆ ಕೂತು ಮಾತಾಡಿದ್ದರೋ ಆ ಮೈಕು ತೆರೆದಿತ್ತು.

ಅವಳು ಏನನ್ನೂ ಒತ್ತಿರಲಿಲ್ಲ. ಕಂಪ್ಯೂಟರನ್ನು ಆರಿಸಿ ಹಾಕಿಯೂ ಇರಲಿಲ್ಲ. ಮೌಸು ಮೇಜಿನ ಮೇಲೆ ತನ್ನ ಪಾಡಿಗೆ ತಾನಿತ್ತು. ಆದರೆ ಕಂಪ್ಯೂಟರಿನ ಪರದೆಯ ಮೇಲಿನ ಬಾಣ ಚಲಿಸುತ್ತಿತ್ತು. ಅವಸರವಿಲ್ಲದೆ, ಗೊತ್ತಿರುವ ದಾರಿಯಲ್ಲಿ ನಡೆಯುವವರ ಹಾಗೆ, ಅದು ಅವತ್ತಿನ ರೆಕಾರ್ಡಿಂಗಿನ ಕಡೆಗೆ ಸರಿಯುತ್ತಿತ್ತು.

ಎಲ್ಲರಿಗೂ ಒಂದೇ ಪಾಸ್‌ವರ್ಡು. ಅದನ್ನು ಬದಲಾಯಿಸಬೇಕೆಂದು ಅಂದುಕೊಂಡಿದ್ದಳು. ಮುಂದಿನ ವಾರ.

ರೂಪಶ್ರೀ ಮೇಜಿನ ಮೇಲೆ ಬಿದ್ದವಳಂತೆ ಬಾಗಿ, ಗೋಡೆಗೆ ಸಿಕ್ಕಿಸಿದ್ದ ಇಂಟರ್ನೆಟ್ಟಿನ ತಂತಿಯನ್ನು ಕಿತ್ತಳು. ಬಾಣ ನಿಂತಿತು. ರೆಕಾರ್ಡಿಂಗಿನ ಹೆಸರಿನ ಮೇಲೆಯೇ ನಿಂತಿತ್ತು. ಹೆಸರು ಇನ್ನೂ ಇತ್ತು. ಪೆನ್‌ಡ್ರೈವನ್ನು ಚುಚ್ಚಿ ನಕಲು ಮಾಡಲು ಒತ್ತಿದಳು. ಹಸಿರು ಗೆರೆ ಇಂಚಿಂಚಾಗಿ ಬೆಳೆಯತೊಡಗಿತು.

ಕೆಂಪು ದೀಪ ಮಾತ್ರ ಆರಲಿಲ್ಲ. ಮಾತಾಡು ಎಂದು ಅಪ್ಪಣೆ ಕೊಟ್ಟವನು ಸುಮ್ಮನಿರು ಎಂದು ಹೇಳುವ ಮುಂಚೆಯೇ ದಾರಿ ಕಡಿದಿತ್ತು. ಸೆಟ್ಟಿನ ಕರೆಂಟು ತೆಗೆಯೋಣವೆಂದರೆ ಕಂಪ್ಯೂಟರಿಗೂ ಅದಕ್ಕೂ ಒಂದೇ ಪ್ಲಗ್ಗು. ತೆಗೆದರೆ ನಕಲು ಅರ್ಧಕ್ಕೇ ನಿಲ್ಲುತ್ತದೆ. ಕಪ್ಪು ಕೇಬಲ್ಲನ್ನು ಕಿತ್ತರೂ ಕಂಪ್ಯೂಟರು ತಡವರಿಸಿ ನಿಂತೀತು. ಹಾಗಾದರೆ ಈಗಲೂ ಈ ಕೋಣೆ ಆನ್ ಏರ್. ಎಷ್ಟು ಹೊತ್ತಿನಿಂದ ಎಂದು ತಿಳಿಯದು. ಅವಳು ಒಂದು ವಾರ ಬಚ್ಚಿಟ್ಟ ನಾಚಿಕೆಯನ್ನು ಸೆಟ್ಟು ಹಾಕಿಕೊಂಡು ಕೂತ ಯಾರು ಬೇಕಾದರೂ ಕೇಳಿರಬಹುದು. ಲಿಂಗಣ್ಣ ಕೇಳಿರಬಹುದು, ರಘು ಕೇಳಿರಬಹುದು. ಕೇಳಿದ್ದರೆ ಒಳ್ಳೆಯದೇ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಆಗ ಬೀದಿಯ ಸದ್ದು ಅವಳ ಕಿವಿಗೆ ಬಿತ್ತು. ಘಲ್ ಘಲ್. ಅವಳ ಬೀದಿಯ ಮೂಲೆಯಲ್ಲಿ ಕಬ್ಬಿನ ಹಾಲಿನ ಗಾಡಿ ನಿಲ್ಲುತ್ತಿತ್ತು. ದಿನವೂ ಕೇಳಿ ಕೇಳಿ ಅದು ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಶಿವಶಂಕರನ ಫೋನಿನಲ್ಲಿ ಕೇಳಿದ ಗೆಜ್ಜೆಯೂ ಇದೇ.

ರೂಪಶ್ರೀ ಚಿಕ್ಕಮಾದಮ್ಮನ ಕಡೆ ಬಾಗಿ, ಆದಷ್ಟು ಮೆಲ್ಲಗೆ ಕೇಳಿದಳು.

"ಬರುವಾಗ ಮುಂಬಾಗಿಲ ಚಿಲಕ ಹಾಕಿದ್ರಾ?"

ಚಿಕ್ಕಮಾದಮ್ಮ ಬಾಯಿ ತೆರೆಯುವ ಮೊದಲೇ, ಮೇಜಿನ ಮೇಲಿನ ಕಿಟಕಿಯ ಪರದೆಯಾಚೆಯಿಂದ, ಒಂದು ಉಸಿರಿನಷ್ಟು ತಡವಾಗಿ, ಫೋನಿನ ತೂತಿನಿಂದ ಬರುವ ಸಣ್ಣ ದನಿಯಲ್ಲಿ, ಅವಳದೇ ಮಾತು ಅವಳಿಗೆ ಕೇಳಿಸಿತು.

"ಬರುವಾಗ ಮುಂಬಾಗಿಲ ಚಿಲಕ ಹಾಕಿದ್ರಾ?"

ಚಿಕ್ಕಮಾದಮ್ಮ ಇಲ್ಲವೆಂದು ತಲೆಯಾಡಿಸಿದಳು.